ಅಕ್ಕನನ್ನು ಎರಡನೇ ಸಲ ಹೂಳಲು ಅನುಮತಿ ಕೋರಿ

ಸ್ಮಶಾನ ಕಚೇರಿಯ ಮಾನ್ಯ ಅಧಿಕಾರಿಗಳೇ,

ತಾವು, ಕಿಟಕಿಯ ಗುಮಾಸ್ತರು, ಗೇಟಿನ ಕಾವಲುಗಾರರು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಮ್ಮಕ್ಕ ಮಾತ್ರ ತೀರಿಕೊಂಡು ಇವತ್ತಿಗೆ ಐದು ದಿನ. ಭಾವನ ಪಕ್ಕದಲ್ಲಿ ಅವಳಿಗೆಂದೇ ಬಿಟ್ಟ ಜಾಗದಲ್ಲಿ ಮಣ್ಣು ಮಾಡಲು ತಮ್ಮ ಕಚೇರಿ ಒಪ್ಪುತ್ತಿಲ್ಲ. ತಮ್ಮ ರಿಜಿಸ್ಟರಿನ ಪ್ರಕಾರ ಅವಳು ಒಂಬತ್ತು ವರ್ಷದ ಹಿಂದೆಯೇ ಅಲ್ಲಿ ಮಲಗಿದ್ದಾಳೆ.

ತಪ್ಪು ನನ್ನದೂ ಇದೆ, ಮುಚ್ಚಿಡುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದೆ ಅಕ್ಷರ ಕಲಿತವನೆಂಬ ಹೆಮ್ಮೆಗೆ ಮನೆಮಂದಿಯ ಅರ್ಜಿಗಳನ್ನೆಲ್ಲ ನಾನೇ ತುಂಬುತ್ತೇನೆ. ಭಾವ ಹೋದಾಗ ಜೋಡಿ ಜಾಗಕ್ಕೆ ಫಾರಂ ಬರೆಯುತ್ತಿದ್ದೆ. "ನನ್ನ ಹೆಸರೂ ಸೇರಿಸೋ, ಆಮೇಲೆ ಬೇರೆ ಯಾರಾದ್ರೂ ಬಂದು ಮಲ್ಕೊಂಡ್ಬಿಟ್ರೆ?" ಎಂದಳು ಅಕ್ಕ. ಸೇರಿಸಿದೆ, 'ಮೃತರ ಹೆಸರು' ಎಂಬ ಸಾಲಿನಲ್ಲಿ. ಕೆಳಗೆ ಅದೇ ಅಕ್ಕ ಅರ್ಜಿದಾರಳಾಗಿ ಸಹಿ ಹಾಕಿದಳು. ತಮ್ಮ ಕಚೇರಿ ಅದರ ಮೇಲೆ ಮೊಹರು ಒತ್ತಿತು. ಸತ್ತವರು ಬಂದು ಸಹಿ ಹಾಕಿ ಹೋಗುವುದು ತಮ್ಮಲ್ಲಿ ಅಷ್ಟು ಮಾಮೂಲೇ?

ಗುಮಾಸ್ತರು ಸಭ್ಯರು. "ತಿದ್ದಬಹುದು ಯಜಮಾನ್ರೇ. ಅವರ ಆವಾಗಿನ ಡೆತ್ ಸರ್ಟಿಫಿಕೇಟ್ ಒಂದು ತನ್ನಿ, ಸಾಕು" ಎಂದರು. ಆವಾಗ ಅವಳು ಸಾಯಲಿಲ್ಲವಲ್ಲ ಸ್ವಾಮಿ! ಭಾವನಿಗೆ ಗುಂಡಿ ತೋಡಿದಾತನನ್ನೇ ಕರೆದುಕೊಂಡು ಬಂದೆ. "ನಾನೇ ಇಳಿಸಿದ್ದು ಸಾರ್, ಒಂದೇ ಒಂದು ಶವಪೆಟ್ಟಿಗೆ. ಆಯಮ್ಮ ಪಕ್ಕದಲ್ಲೇ ನಿಂತು, ಇನ್ನೂ ಸ್ವಲ್ಪ ಆಳ ತೋಡಪ್ಪ ಅಂತ ನನ್ನ ಜೀವ ತಿಂದ್ರು" ಎಂದ. ಬಾಯಿಮಾತು ದಾಖಲೆಯಲ್ಲವಂತೆ. ಹಾಗಾದರೆ ಅಗೆದೇ ನೋಡಿ ಎಂದೆ. ಅದಕ್ಕೆ ಭಾವನ ಹೆಂಡತಿಯ ಒಪ್ಪಿಗೆ ಸಹಿ ಬೇಕಂತೆ. ಎಲ್ಲಿಂದ ತರಲಿ?

ಶವಾಗಾರದವರು ಶನಿವಾರದ ತನಕ ಮಾತ್ರ ಇಟ್ಟುಕೊಳ್ಳುತ್ತಾರೆ. ಆಮೇಲೆ ಊರಾಚೆ, ಗುರುತು ಪರಿಚಯವಿಲ್ಲದವರ ನಡುವೆ ಎಲ್ಲೋ ಒಂದು ಗುಂಡಿ. ನಿನ್ನೆ ಅಕ್ಕನ ಮಗಳು, "ಮಾವ, ಅಮ್ಮ ನಲವತ್ತು ವರ್ಷ ಅಪ್ಪನ ಗೊರಕೆ ಸಹಿಸ್ಕೊಂಡ್ಳು. ಈಗ ಗೊರಕೆ ನಿಂತಮೇಲೆ ಪಕ್ಕದಲ್ಲಿ ಮಲಗೋಕೆ ಬಿಡಲ್ವಾ?" ಎಂದು ನಕ್ಕಳು. ಆಮೇಲೆ ಅಳು ನಿಲ್ಲಲಿಲ್ಲ. ತಮ್ಮ ಕಚೇರಿಯ ಬೆಂಚಿನ ಮೇಲೆ ನಾಲ್ಕು ದಿನ ಕೂತೆ. ಇನ್ನು ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಪತ್ರಿಕೆಯ ಮೂಲಕ ತಮಗೇ ಬರೆಯುತ್ತಿದ್ದೇನೆ.

ರಿಜಿಸ್ಟರಿನಲ್ಲಿ ಅಕ್ಕನ ಹೆಸರಿರುವ ಸಾಲಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ. ನಾನು ಕೇಳುವುದು ಇಷ್ಟೇ. ಆಗದಿದ್ದರೆ ಆಗದು ಎಂದಾದರೂ ಶುಕ್ರವಾರದೊಳಗೆ ಬರೆಯಿರಿ. ಆ ಹುಡುಗಿಗೆ ಅದನ್ನು ಹೇಳಲು ನನಗೆ ಬಾಯಿ ಬರುತ್ತಿಲ್ಲ. ತಮ್ಮ ಕಾಗದವನ್ನೇ ಅವಳ ಕೈಗಿಡುತ್ತೇನೆ.

ಇಂತಿ,
ಅಕ್ಕನನ್ನು ಒಂಬತ್ತು ವರ್ಷ ಮೊದಲೇ ಹೂತುಬಿಟ್ಟ ಒಡಹುಟ್ಟಿದವನು