ಅಂಚಿನ ಕಪ್ಪು ಶಾಯಿ

ಅಕ್ಟೋಬರ್ ೧೨, ಶನಿವಾರ

ನಿವೃತ್ತ ಅಂಚೆಯವ ಡೆಲ್ಬರ್ಟ್ ಇವತ್ತು ಅಂಗಡಿಗೆ ಬಂದಿದ್ದ. ಜೂನ್‌ನಲ್ಲಿ ನನ್ನಿಂದ ಕೊಂಡ ಹಳೆಯ ಕಾಮಿಕ್ಸನ್ನು, ಪ್ರತಿಯ ಸ್ಥಿತಿ ನೋಡಿ ದರ್ಜೆ ಕೊಡುವ ಕಂಪನಿಗೆ ಪರೀಕ್ಷೆಗೆ ಕಳಿಸಿದ್ದನಂತೆ. 'ಬಣ್ಣ ಹಚ್ಚಿ ತಿದ್ದಲಾಗಿದೆ' ಎಂಬ ಚೀಟಿಯೊಂದಿಗೆ ವಾಪಸು ಬಂದಿದೆ. ಹಾಗೆ ತಿದ್ದಿದ ಪ್ರತಿಗೆ ಬೆಲೆ ತೀರಾ ಕಡಿಮೆ.

ಕಪ್ಪು ಮುಖಪುಟದ ಅಂಚು ಸವೆದು ಬೆಳ್ಳಗಾಗಿತ್ತು. ಮಾರ್ಕರ್ ಎಳೆದು ಮುಚ್ಚಿದವನು ನಾನೇ. ಎರಡು ನಿಮಿಷದ ಕೆಲಸ. ಅವನು ಅಂದು ಕವರಿನಿಂದ ತೆಗೆದೂ ನೋಡಲಿಲ್ಲ. "ನೀನು ನೋಡಿದೀಯಲ್ಲ, ಸಾಕು ಬಿಡು" ಅಂದಿದ್ದ.

ಇವತ್ತು ಬೈಯಲಿ ಎಂದು ಕಾದೆ.

"ನಿಂಗೂ ಯಾರೋ ಟೋಪಿ ಹಾಕಿದಾರೆ ಕಣೋ ವೆಂಡೆಲ್," ಎಂದ. "ಬೇಜಾರ್ ಮಾಡ್ಕೋಬೇಡ. ನಿಂಗೆ ಮಾರಿದ್ದು ಯಾರು, ನೆನಪಿದ್ಯಾ?"

"ಇಲ್ಲ" ಎಂದೆ.

"ನೆನಪಾದ್ರೆ ಹೇಳು. ಇನ್ನೊಬ್ರಿಗೆ ಹೀಗಾಗ್ಬಾರ್ದು."

ಗಲ್ಲಾದ ಮೇಲಿದ್ದ ಅದೇ ಮಾರ್ಕರನ್ನು ಎತ್ತಿಕೊಂಡು, ತನ್ನ ಹೊಸ ಫೋನ್ ನಂಬರ್ ಬರೆದುಕೊಟ್ಟು ಹೋದ. ಆ ಚೀಟಿ ಈಗ ನನ್ನ ಮುಂದೆಯೇ ಇದೆ. ಫೋನ್ ಮಾಡಿ ಏನೆಂದು ಹೇಳಲಿ?