ಬೀದಿ ಕಡೆಯ ಚಾಪೆ

ಶಾಂತಮಲ್ಲಿ,

ಇದನ್ನು ಅಕ್ಷರ ಕೂಡಿಸಿಕೊಂಡು ನೀನೇ ಓದು. ಎಂದಿನಂತೆ ಮಗನ ಕೈಯಲ್ಲಿ ಓದಿಸಬೇಡ. ನೀನು ಬಾವಿಯಿಂದ ಬರುವವರೆಗೆ ಕಾದರೆ ನನ್ನ ಬಸ್ಸು ತಪ್ಪುತ್ತದೆ. ಮದ್ದೂರಿನಲ್ಲಿ ಮರದ ಹರಾಜು ಇದೆ. ರಾತ್ರಿ ಅಲ್ಲೇ ಹತ್ತಿರದ ಗುಂಡ್ಲುಪೇಟೆಯಲ್ಲಿ ಉಳಿದು ನಾಳೆ ಸಂಜೆಗೆ ಬರುತ್ತೇನೆ.

ಗುರುಪಾದನ ಚಾಪೆಯನ್ನು ಕದ್ದುಮುಚ್ಚಿ ಹಿತ್ತಲಲ್ಲಿ ಒಣಗಿಸಬೇಡ. ಬೀದಿ ಕಡೆ ಜಗಲಿಯ ಮೇಲೆ ಹಾಕು, ಸ್ಕೂಲಿಗೆ ಹೋಗುವ ಹುಡುಗರು ನೋಡಲಿ. ಎಂಟು ವರ್ಷದ ಕತ್ತೆಗೆ ಇನ್ನು ಹೇಗೆ ನಾಚಿಕೆ ಬರಬೇಕು? ದೀಪ ಹಚ್ಚಿದ ಮೇಲೆ ನೀರು, ಮಜ್ಜಿಗೆ ಏನೂ ಕೊಡಬೇಡ. ಔಷಧಿಯೆಂದು ನಿಮ್ಮವ್ವ ಕುದೇರಿನಿಂದ ಕಳಿಸಿರುವ ಎಳ್ಳುಂಡೆಯೂ ಬೇಡ. ಹಾಸಿಗೆಯಲ್ಲಿ ಉಚ್ಚೆ ಹುಯ್ಯುವವನಿಗೆ ಸಿಹಿ ಬೇರೆ ಕೇಡು.

ಇನ್ನೊಂದು ಮಾತು, ನಿನ್ನಲ್ಲೇ ಇರಲಿ. ನಿನ್ನೆಯೂ ಇವತ್ತೂ ಅವನು ಚಾಪೆ ಒದ್ದೆ ಮಾಡಿರಲಿಲ್ಲ. ಅವನು ಏಳುವ ಮೊದಲು ನಾನೇ ಒಂದು ಚೊಂಬು ನೀರು ಹುಯ್ದೆ. ಸರಿಹೋದೆ ಎಂದು ಗೊತ್ತಾದರೆ ಭಯ ಹೋಗುತ್ತದೆ, ಭಯ ಹೋದರೆ ಮತ್ತೆ ಶುರು ಮಾಡುತ್ತಾನೆ. ಎದ್ದವನು ಚಡ್ಡಿ ಮುಟ್ಟಿ ನೋಡಿಕೊಂಡು, "ನಂಗೆ ಗೊತ್ತೇ ಆಗ್ನಿಲ್ಲ ಕಣಪ್ಪ, ಇವತ್ತೂ ಉಯ್ಕಂಬುಟ್ಟಿವ್ನಿ" ಎಂದ. ಬೆತ್ತವನ್ನೂ ತಾನೇ ತಂದುಕೊಟ್ಟ.

ನಾಳೆ ಬೆಳಿಗ್ಗೆ ನಾನಿರುವುದಿಲ್ಲ, ಅದು ನಿನ್ನ ಕೆಲಸ. ಅಳುತ್ತಾ ಕೂರಬೇಡ. ಚೊಂಬನ್ನು ಒಲೆಯ ಪಕ್ಕದಲ್ಲಿ ಇಟ್ಟಿದ್ದೇನೆ. ನೀರು ಸ್ವಲ್ಪ ಬೆಚ್ಚಗಿರಲಿ, ತಣ್ಣಗಿದ್ದರೆ ಅವನಿಗೆ ತಿಳಿದುಬಿಡುತ್ತದೆ.