ಇಬ್ಬರಿಗೆ ಮಾತ್ರ ಎಂದು ಕೊಟ್ಟ ಮನೆ

ತುಮಕೂರು,
ನೀರು ಸರಿದ ತೊಂಬತ್ತನೇ ವರ್ಷ, ಎರಡನೇ ಆಷಾಢದ ನಲವತ್ತೊಂದನೇ ದಿನ.

ಪೂಜ್ಯ ಸಿದ್ಧಗಂಗಮ್ಮಜ್ಜಿಯವರಿಗೆ, ನಿಮ್ಮ ಮರಿಮಗಳ ಮರಿಮಗಳಾದ ನೀಲಗಂಗೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಲೆಕೆಟ್ಟವರು ಬರೆದದ್ದು ಎನ್ನಬೇಡಿ. ನಮ್ಮಲ್ಲಿ ಆಷಾಢದ ಗಾಳಿ ನಿಲ್ಲುವುದೇ ಇಲ್ಲ, ಅದಕ್ಕೇ ಎರಡು ಆಷಾಢ ಮಾಡಿಕೊಂಡಿದ್ದೇವೆ. ಗೊತ್ತಿಲ್ಲದ ಪದಗಳು ಬಂದರೆ ಕ್ಷಮೆಯಿರಲಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಯಾರ ದನಿ ಒಂದು ಮನೆಯಲ್ಲಿ ಇನ್ನೂ ಉಳಿದಿದೆಯೋ ಅವರಿಗೆ ಮಾತ್ರ, ಆ ಮನೆಯ ಗೋಡೆಯ ಮೂಲಕವೇ ಹಿಂದಕ್ಕೆ ಹೋಗುವ ಅಂಚೆ ಅದು. ನಿಮ್ಮ ದನಿ ಉಳಿದಿದೆ ಅಜ್ಜಿ. ದಿನಾ ಕೇಳುತ್ತೇನೆ.

ನೀವು ಕಟ್ಟಿಸಿದ ಮನೆಯೂ ಗಟ್ಟಿಯಾಗಿದೆ. ಮುಂದೆ ನಿಂತು ಸಿಮೆಂಟಿಗೆ ನೀರು ಹೊಡೆಸಿದ್ದು ಸುಳ್ಳಾಗಲಿಲ್ಲ. ಥೇಟ್ ನಿಮ್ಮ ಹಾಗೆಯೇ ನಾನು ಮೇಲಿದ್ದೇನೆ, ಕೆಳಗಿನದನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಆದರೆ ಬಾಡಿಗೆಗೆ ಕೊಡುವ ನಮ್ಮಂಥವರು ಸಂಪು, ಮೋಟರ್, ಬಣ್ಣ ಎಂದು ಒದ್ದಾಡುತ್ತೇವೆಯೇ ಹೊರತು ನಾಲಿಗೆಯ ಕಡೆ ನೋಡಿಕೊಳ್ಳುವುದಿಲ್ಲ. ನಿಮ್ಮ ಲೆಕ್ಕದಲ್ಲಿ ನಾಳೆ, ನನ್ನ ಲೆಕ್ಕದಲ್ಲಿ ಎಂದೋ ಆಗಿಹೋದ ಒಂದು ದಿನ, ಒಬ್ಬ ಮಾರಾಟದವನು ಬಂದು ಬಾಡಿಗೆದಾರರ ಕಾಟ ತಪ್ಪಿಸುವ ಪೆಟ್ಟಿಗೆಯೊಂದನ್ನು ಗೋಡೆಗೆ ಕೂರಿಸುತ್ತಾನೆ. ನಾವು ಅದನ್ನು ಮನೆಬಾಯಿ ಎನ್ನುತ್ತೇವೆ. ಷರತ್ತುಗಳನ್ನು ಒಮ್ಮೆ ಹೇಳಿದರೆ ಸಾಕು, ಬಾಗಿಲು, ನಲ್ಲಿ, ದೀಪ ಎಲ್ಲವನ್ನೂ ಅದು ನಿಮ್ಮ ದನಿಯಲ್ಲೇ ನಡೆಸುತ್ತದೆ. ನೀವೇನು ಕಡಿಮೆಯವರೇ! ಮೊಳೆ ಹೊಡೆಯಬಾರದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು, ನೆಂಟರು ಬಂದರೆ ಯಾವಾಗ ಹೊರಡುತ್ತಾರೆಂದು ಮೊದಲೇ ತಿಳಿಸಬೇಕು ಎಂದೆಲ್ಲ ಹೇಳಿ, ಕೊನೆಗೆ ಹೀಗೆಂದಿರಿ:

"ಕೆಳಗಡೆ ಇಬ್ರಿಗೆ ಅಂದ್ರೆ ಇಬ್ರಿಗೇ. ಮೂರನೆಯವ್ರು ಬಂದ್ರೆ ಬಾಗ್ಲು ತೆಗೀಬೇಡ. ಮೇಲೆ ನಮ್ಮನೆಯೋರು ಮಾತ್ರ."

ಇಷ್ಟು ಕಾಲ ಇದರಿಂದ ತೊಂದರೆಯಾಗಲಿಲ್ಲ. ಬಸುರಿಯಾದವರು ದಿನ ತುಂಬುವ ಮುಂಚೆ ಮನೆ ಖಾಲಿ ಮಾಡಿಕೊಂಡು ಹೋಗುತ್ತಿದ್ದರು. ಈಗ ಹೋಗಲು ಬೇರೆ ಮನೆಯೇ ಇಲ್ಲ. ಕೆರೆಗಳೆಲ್ಲ ಒಣಗಿ, ಹೊತ್ತು ಮುಳುಗಿದೊಡನೆ ಅವುಗಳ ತಳದಿಂದ ಬಿಳಿಗಾಳಿ ಏಳುತ್ತದೆ. ಆ ಧೂಳು ಎದೆಗಿಳಿದರೆ ಮತ್ತೆ ಹೊರಬರುವುದಿಲ್ಲ. ಕೆಳಗಿರುವ ಇಳೆ ಎಂಬ ಹುಡುಗಿಗೆ ಮೊನ್ನೆ ಹೆರಿಗೆಯಾಯಿತು. ಗಂಡ ಜಕ್ಕಣ್ಣ ಆಸ್ಪತ್ರೆಯಿಂದ ತಾಯಿ ಮಗುವನ್ನು ಕರೆದುಕೊಂಡು ಬಂದ. ಅವರಿಬ್ಬರೂ ಒಳಗೆ ಕಾಲಿಟ್ಟರು, ಅವನ ಮುಖಕ್ಕೇ ಬಾಗಿಲು ಮುಚ್ಚಿತು. ಮೇಲಕ್ಕೆ ಕರೆದೆ. ನನ್ನ ಬಾಗಿಲೂ ತೆರೆಯಲಿಲ್ಲ, ಅವನು ನಮ್ಮ ಮನೆಯವನಲ್ಲವಲ್ಲ. ಅಂದಿನಿಂದ ಅವನು ಸಂಜೆಯಾದರೆ ನೀವು ಸ್ಕೂಟರ್ ನಿಲ್ಲಿಸುತ್ತಿದ್ದ ಮೆಟ್ಟಿಲ ಕೆಳಗೆ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂರುತ್ತಾನೆ. ಅವನ ಕೆಮ್ಮಿನಲ್ಲಿ ಈಗ ಬಿಳಿ ಬರುತ್ತಿದೆ. ನನಗೆ ತುಂಬಾ ಹೆದರಿಕೆಯಾಗಿದೆ.

ಒಡೆದು ಹಾಕೋಣವೆಂದರೆ ಅದೀಗ ಪೆಟ್ಟಿಗೆಯಾಗಿ ಉಳಿದಿಲ್ಲ, ಗೋಡೆಗೋಡೆಗೂ ಬೇರು ಬಿಟ್ಟಿದೆ. ಮೊದಲು ಮಾತಾಡಿದವರನ್ನು ಬಿಟ್ಟು ಇನ್ನೊಬ್ಬರ ಮಾತು ಕೇಳುವುದಿಲ್ಲ. ಮನೆಯ ಪತ್ರ ನನ್ನ ಹೆಸರಿನಲ್ಲಿದೆ ಎಂದು ಗೋಗರೆದೆ. ಗೋಡೆ ನಿಮ್ಮ ದನಿಯಲ್ಲಿ ತಣ್ಣಗೆ ಕೇಳಿತು: "ನೀನ್ಯಾರಮ್ಮ? ಮನೆ ನಂದು."

ಅಜ್ಜಿ, ಇದು ನೀವಲ್ಲ. ನಿಮ್ಮ ಕೆಳಗಿನ ಮನೆಯಲ್ಲಿದ್ದ ನಾಗವೇಣಿಯ ಕತೆ ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಮಗುವಾದರೆ ಮನೆ ಬಿಡಬೇಕೆಂದು ಬೀದಿಗೆಲ್ಲ ಕೇಳುವ ಹಾಗೆ ಗದರಿದವರೂ ನೀವೇ, ಹೆರಿಗೆಯಾದ ಮೇಲೆ ಬಿಸಿನೀರು ಹೊತ್ತುಕೊಂಡು ಇಳಿದವರೂ ನೀವೇ. ಬಾಣಂತಿಗೆ ಅಂಟಿನುಂಡೆ ಕಟ್ಟಿದಿರಿ, ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿದಿರಿ, ಊರಿನಿಂದ ಬಂದ ಅವಳ ತಾಯಿಗೆ ನಿಮ್ಮ ಹಾಸಿಗೆ ಬಿಟ್ಟುಕೊಟ್ಟಿರಿ. ಇದರಲ್ಲಿ ಒಂದನ್ನಾದರೂ ಬಾಯಿಬಿಟ್ಟು ಹೇಳಿದಿರಾ? ಇಲ್ಲ. ಸದರ ಕೊಟ್ಟರೆ ತಲೆ ಮೇಲೆ ಕೂರುತ್ತಾರೆಂಬ ಭಯ ನಿಮಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಕಾಲದಲ್ಲಿ ಆಡಿದ ಮಾತು ಹೋಗುವುದೇ ಇಲ್ಲ ಅಜ್ಜಿ. ಮನೆ ನಿಮ್ಮ ಬಾಯನ್ನು ಕಲಿತಿದೆ, ಕೈಯನ್ನು ಅದು ನೋಡಲೇ ಇಲ್ಲ.

ಪೆಟ್ಟಿಗೆ ಕೊಳ್ಳಬೇಡಿ ಎಂದರೆ ನೀವು ಕೇಳುವವರಲ್ಲ, ನಮ್ಮ ವಂಶದ ಹಟ ನನಗೆ ಗೊತ್ತಿಲ್ಲವೇ? ಕೊಳ್ಳಿ. ಬೈಯುವುದನ್ನೆಲ್ಲ ಬೈಯಿರಿ. ಎಲ್ಲ ಮುಗಿದ ಮೇಲೆ, ಅವನು ಪೆಟ್ಟಿಗೆ ಮುಚ್ಚುವ ಮೊದಲು, ಕಷ್ಟದಲ್ಲಿರುವವರಿಗೆ ಬಾಗಿಲು ತೆಗೆ ಎಂದು ಒಂದು ಮಾತು ಸೇರಿಸಿ. ನೀವು ಅಲ್ಲಿ ಆಡಿದರೆ ಇಲ್ಲಿ ಅದೇ ಗಳಿಗೆಗೆ ಕೇಳುತ್ತದೆಂದು ಹಿಂದಂಚೆಯವರು ಹೇಳಿದ್ದಾರೆ.

ಹೊತ್ತು ಇಳಿಯುತ್ತಿದೆ. ನಾನು ಕೆಳಗಿನ ಬಾಗಿಲ ಬಳಿ ನಿಂತು ಇದನ್ನು ಬರೆಯುತ್ತಿದ್ದೇನೆ. ಜಕ್ಕಣ್ಣ ಮೆಟ್ಟಿಲ ಕೆಳಗೆ ಕೂತಾಗಿದೆ, ಇವತ್ತು ಅವನು ಮಾತಾಡುತ್ತಿಲ್ಲ. ಒಳಗೆ ಮಗು ಅಳುತ್ತಿದೆ. ಅದು ಅತ್ತಾಗಲೆಲ್ಲ ನಾಲ್ಕೂ ಗೋಡೆಯಿಂದ ನಿಮ್ಮ ದನಿ ಇಳೆಯನ್ನು ಕೇಳುತ್ತದೆ: "ನೆಂಟ್ರು ಯಾವಾಗ ಹೊರಡ್ತಾರೆ?"

ಬಾಗಿಲಿಗೆ ಕಿವಿಯಿಟ್ಟಿದ್ದೇನೆ. ಮಾತಾಡಿ ಅಜ್ಜಿ.